ಗ್ರೀನಿಚ್ಚಿನ ಮತ್ಸ್ಯಭೋಜನ

ಲಂಡನ್ ಸೇತುವೆಯಿಂದ ಥೇಮ್ಸ್ ನದಿಯ ಹರಿವಿನೊಡನೆ ಸುಮಾರು ಐದು ಮೈಲಿ ಕೆಳಕ್ಕೆ ಸಾಗಿದರೆ ಬಲದಂಡೆಯ ಮೇಲೆ ಗ್ರೀನಿಚ್ ಎಂಬ ಊರು ಸಿಕ್ಕುತ್ತದೆ. ಭೂಗೋಲವನ್ನು ಓದಿದವರಿಗೆಲ್ಲ ರೇಖಾಂಶಗಳ ಎಣಿಕೆಯ ಮೂಲಕ ಈ ಹೆಸರು ಪರಿಚಿತವಾದುದು. ಆದರೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಗೃಹಸ್ಥನಿಗೆ ಗ್ರೀನಿಚ್ ಎಂದೊಡನೆ ಅಲ್ಲಿಯ ಖಗೋಲವೀಕ್ಷಣಾಲಯಕ್ಕಿಂತ ಮೊದಲು ಅಲ್ಲಿಯ ಊಟವು ನೆನಪಿಗೆ ಬರುತ್ತಿದ್ದಿತು. ಗೆಳೆಯನು ಪರದೇಶದಿಂದ ಕ್ಷೇಮವಾಗಿ ಮರಳಿದಾಗ, ಮನೆಯಲ್ಲಿ ಮದುವೆಯಾದಾಗ, ಪಾರ್ಲಿಮೆಂಟಿನ ಅಧಿವೇಶನವು ಕೊನೆಗೊಂಡಾಗ, ಅನುಕೂಲವಂತರು ದೋಣಿಯನ್ನೋ ಉಗಿಹಡಗನ್ನೋ ಏರಿ ಅಲ್ಲಿಗೆ ಹೋಗಿ, ನದಿಯ ಅಂಚಿನ ಭೋಜನಗೃಹಗಳಲ್ಲಿ ಮೀನಿನ ಔತಣವನ್ನು ನಡೆಯಿಸುತ್ತಿದ್ದರು. ಸುಮಾರು ಒಂದು ಶತಮಾನದ ಕಾಲ ಬಾಳಿದ ಈ ಸಂಪ್ರದಾಯವು ಹುಟ್ಟಿದ ಬಗೆಯೂ ಅಳಿದ ಬಗೆಯೂ ವಿಚಾರಕ್ಕೆ ಯೋಗ್ಯವಾಗಿವೆ. ಮೀನನ್ನು ಮುಟ್ಟದ ಮನೆಗಳವರೂ ಇದನ್ನು ಓದಲು ಅಡ್ಡಿಯಿಲ್ಲ; ತಿನಿಸಿನ ಕಥೆಯಾಗಿರುವಷ್ಟೇ ಇದು ಒಂದು ನದಿಯ ಕಥೆಯೂ ಆಗಿದೆ.

ಆ ಔತಣದ ನಾಯಕಮಣಿಯು ವೈಟ್‌ಬೇಟ್ ಎಂಬ ಮೀನು. ಗಾಳಕ್ಕೆ ಚುಚ್ಚುವ ಬಿಳಿಯ ಎರೆ ಎಂದು ಆ ಹೆಸರಿನ ಅರ್ಥ. ಎರಡು ಮೂರು ಅಂಗುಲಗಳ ಉದ್ದ, ಬೆಳ್ಳಿಯ ಹೊಳಪು, ಬೆಳಕು ತೂರಿಬರುವಷ್ಟು ತೆಳುವಾದ ಮೈ: ಇಷ್ಟೇ ಅದರ ಸ್ವರೂಪ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಸಮುದ್ರದ ಉಬ್ಬರದೊಡನೆ ಅದು ಗುಂಪುಗುಂಪಾಗಿ ನದಿಯೊಳಕ್ಕೆ ಏರಿ ಬರುತ್ತಿದ್ದಿತು. ಬೆಸ್ತರು ಪ್ರವಾಹದ ನಡುವೆ ದೋಣಿಯನ್ನು ಲಂಗರು ಹಾಕಿ ನಿಲ್ಲಿಸಿ, ಸುಮಾರು ಮೂರು ಅಡಿ ಚದರದ ಬಾಯುಳ್ಳ, ಅತಿ ಸಣ್ಣ ಕಣ್ಣುಗಳ ಚೀಲದಂಥ ಬಲೆಯನ್ನು ಅದರ ಪಕ್ಕಕ್ಕೆ ಕಟ್ಟಿ ನೀರಿನಲ್ಲಿ ಬಿಡುತ್ತಿದ್ದರು. ನೀರೇ ಮೀನನ್ನು ತಂದು ಚೀಲದೊಳಕ್ಕೆ ತುಂಬುವುದು. ಬೆಸ್ತನು ಆಗಾಗ ಬಲೆಯ ಬಾಲವನ್ನು ದೋಣಿಯೊಳಕ್ಕೆ ಎಳೆದು, ಗಂಟನ್ನು ಬಿಚ್ಚಿ ಕೊಡವಿಕೊಂಡರೆ ಸಾಕು.

ಈ ಮೀನಿಗೆ ದೊಡ್ಡ ಕೊರತೆಯೊಂದಿದ್ದಿತು. ಹಿಡಿದ ಕೆಲವು ಗಂಟೆಗಳಲ್ಲಿಯೇ ಅದು ಮುದ್ದೆಯಾಗಿ ಕೆಡುವುದು. ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಮೀನನ್ನು ಸಾಗಿಸುವ ಪದ್ಧತಿಯು ಬಳಕೆಗೆ ಬರುವುದಕ್ಕೆ ಮುಂಚೆ, ಅದನ್ನು ಲಂಡನ್ನಿನ ಮೇಜುಗಳಿಗೆ ಒಯ್ಯುವುದು ಸುಲಭವಾಗಿರಲಿಲ್ಲ. ಮೀನು ಉಣ್ಣುವವರ ಬಳಿಗೆ ಬಾರದಿದ್ದುದರಿಂದ ಉಣ್ಣುವವರೇ ಮೀನಿನ ಬಳಿಗೆ ಹೋಗಬೇಕಾಯಿತು. ಗ್ರೀನಿಚ್ಚಿನ ಭಾಗ್ಯಕ್ಕೆಲ್ಲ ಈ ಕೊರತೆಯೇ ಕಾರಣವೆಂದರೆ ತಪ್ಪಾಗಲಾರದು. ಅಡಿಗೆಯ ಕ್ರಮವೂ ಇದಕ್ಕೆ ತಕ್ಕಂತೆಯೇ ಇದ್ದಿತು. ಮೀನನ್ನು ಕೈಯಿಂದ ಹೆಚ್ಚಾಗಿ ಮುಟ್ಟದೆ, ಹಿಟ್ಟು ಹರಡಿದ ಬಟ್ಟೆಯ ಮೇಲೆ ಉರುಳಿಸಿ, ಜರಡಿಯಲ್ಲಿ ಆಡಿಸಿ ಹೆಚ್ಚಿನ ಹಿಟ್ಟನ್ನು ಉದುರಿಸಿ, ಕಾದ ಕೊಬ್ಬಿನಲ್ಲಿ ಒಂದೆರಡು ನಿಮಿಷ ಮಾತ್ರ ಕರಿದು, ಗರಿಗರಿಯಾಗಿರುವಾಗಲೇ ಓಡಿಬಂದು ಬಡಿಸಬೇಕು. ತಲೆ, ಮುಳ್ಳು, ಬಾಲಗಳ ಸಮೇತ ತಿನ್ನುವುದೇ ಮರ್ಯಾದೆ. ಜೊತೆಗೆ ನಿಂಬೆಯ ಹೋಳು, ಕೆಂಪು ಮೆಣಸಿನ ಪುಡಿ, ಬೆಣ್ಣೆ ಸವರಿದ ಕಂದುಬಣ್ಣದ ರೊಟ್ಟಿ, ತಣ್ಣಗಿನ ಪಂಚ್ ಪಾನಕ ಅಥವಾ ಷಾಂಪೇನ್ ಮದ್ಯ. ಇದಕ್ಕೆ ಮೊದಲು ಸಾಲ್ಮನ್, ಹಾವುಮೀನು, ಚಪ್ಪಟೆಮೀನುಗಳ ಬಗೆಬಗೆಯ ಪಾಕಗಳು ಒಂದಾದ ಮೇಲೊಂದು ಬರುತ್ತಿದ್ದವು. ಅರಸನ ಮುಂದೆ ನಡೆಯುವ ಪರಿವಾರದಂತೆ ಇವೆಲ್ಲ ಬಂದು ಹೋದ ಬಳಿಕ ವೈಟ್‌ಬೇಟಿನ ಸವಾರಿ ಬರುತ್ತಿದ್ದಿತು.

ಇಂಥ ಊಟಕ್ಕೆ ಎರಡು ಭೋಜನಗೃಹಗಳು ಹೆಸರಾಗಿದ್ದವು. ಒಂದು ಹಳೆಯದಾದ ‘ಷಿಪ್’. ಇನ್ನೊಂದು ೧೮೩೭ರಲ್ಲಿ ಜೋಸೆಫ್ ಕೇ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಿದ ‘ಟ್ರಫಾಲ್ಗರ್’. ಟ್ರಫಾಲ್ಗರಿನ ಬಾಗಿದ ದೊಡ್ಡ ಕಿಟಕಿಗಳು ನೇರವಾಗಿ ನದಿಯ ಮೇಲಕ್ಕೆ ಚಾಚಿಕೊಂಡಿವೆ. ಉಬ್ಬರದ ವೇಳೆಯಲ್ಲಿ ನೀರು ಗೋಡೆಯನ್ನೇ ತೊಳೆಯುವುದು. ಎದುರುದಡದ ಬ್ಲಾಕ್‌ವಾಲಿನಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ತಂಗುವ ಕಟ್ಟೆಗಳ ಪಕ್ಕದಲ್ಲಿ, ಲವ್‌ಗ್ರೋವ್ ಎಂಬವನ ಭೋಜನಗೃಹವು ಇವೆರಡರೊಡನೆ ಸ್ಪರ್ಧಿಸುತ್ತಿದ್ದಿತು. ಲಂಡನ್ನಿನ ಮೊದಲನೆಯ ರೈಲುದಾರಿಯು ೧೮೩೬ರಲ್ಲಿ ಆರಂಭವಾಗಿ ೧೮೩೮ರಲ್ಲಿ ಗ್ರೀನಿಚ್ಚನ್ನು ಮುಟ್ಟಿತು. ಅಂದಿನಿಂದ ಬಡವರೂ ಅಲ್ಲಿಗೆ ಬರತೊಡಗಿದರು. ಆದರೆ ಅವರ ಪಾಲಿಗೆ ಹಿಂದಿನ ಬೀದಿಗಳ ಅಂಗಡಿಗಳಲ್ಲಿ ಚಹವೂ ಸಣ್ಣ ಸೀಗಡಿಯೂ ದೊರೆಯುತ್ತಿದ್ದವು. ಕಿಟಕಿಯ ಬಳಿಯ ಮೇಜು ಹಣವುಳ್ಳವರಿಗೇ ಮೀಸಲಾಗಿದ್ದಿತು.

ಇನ್ನು ಮಂತ್ರಿಗಳ ಔತಣದ ವಿಚಾರ. ಇದರ ಬೇರು ಗ್ರೀನಿಚ್ಚಿನಲ್ಲಿಲ್ಲ. ನದಿಯ ಇನ್ನೂ ಕೆಳಗೆ, ಎಡದಂಡೆಯ ಡ್ಯಾಗನ್‌ಹ್ಯಾಮಿನಲ್ಲಿದೆ. ೧೭೦೭ರಲ್ಲಿ ಅಲ್ಲಿ ಥೇಮ್ಸ್ ನದಿಯು ಒಡ್ಡನ್ನು ಒಡೆದು ನುಗ್ಗಿ ಸಾವಿರಾರು ಎಕರೆ ಭೂಮಿಯನ್ನು ಮುಳುಗಿಸಿತು. ಹಲವರು ಸೋತ ಬಳಿಕ, ರಷ್ಯಾದಲ್ಲಿ ಪೀಟರ್ ಚಕ್ರವರ್ತಿಯ ಸೇವೆಯಲ್ಲಿದ್ದು ಬಂದ ಜಾನ್ ಪೆರಿ ಎಂಬ ಯಂತ್ರಶಿಲ್ಪಿಯು ೧೭೨೦ರ ಸುಮಾರಿಗೆ ಆ ಬಿರುಕನ್ನು ಮುಚ್ಚಿದನು. ಒಳಗೆ ಉಳಿದ ನೀರು ಮೀನು ತುಂಬಿದ ಕೊಳವಾಯಿತು. ಆ ಕೊಳದ ದಡದಲ್ಲಿ ರಾಬರ್ಟ್ ಪ್ರೆಸ್ಟನ್ ಎಂಬವನು ಒಂದು ವಿನೋದಕುಟೀರವನ್ನು ಇಟ್ಟುಕೊಂಡಿದ್ದನು. ಅವನು ಈಸ್ಟ್ ಇಂಡಿಯಾ ಕಂಪೆನಿಯ ಹಡಗಿನ ನಾಯಕನಾಗಿ ಹಣವನ್ನು ಗಳಿಸಿ ಪಾರ್ಲಿಮೆಂಟನ್ನು ಸೇರಿದವನು. ಪರಂಪರೆಯಿಂದ ಬಂದ ಹೇಳಿಕೆಯಂತೆ, ಅವನು ಖಜಾನೆಯ ಕಾರ್ಯದರ್ಶಿಯಾದ ಜಾರ್ಜ್ ರೋಸನನ್ನು ಅಲ್ಲಿಗೆ ಊಟಕ್ಕೆ ಕರೆದನು. ರೋಸನು ಮರುವರ್ಷ ಪ್ರಧಾನಮಂತ್ರಿ ವಿಲಿಯಂ ಪಿಟ್ಟನನ್ನೂ ಕರೆತಂದನು. ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿ ಬ್ರಿಟನ್ನಿನ ಅಧಿಕಾರಸೂತ್ರವನ್ನು ಹಿಡಿದಿದ್ದ ಪಿಟ್ಟನು ಇವನೇ. ರಾಜ್ಯಭಾರದಿಂದ ಬಳಲಿದ ಆ ಮನುಷ್ಯನಿಗೆ ಕೊಳದ ದಡದ ಊಟವು ಹಿಡಿಸಿತು. ವರ್ಷವರ್ಷವೂ ಕರೆ ಹೋಯಿತು. ಆದರೆ ಡ್ಯಾಗನ್‌ಹ್ಯಾಮ್ ದೂರ. ಮಂತ್ರಿಗೆ ಬಿಡುವು ಕಡಮೆ. ಆದುದರಿಂದ ಔತಣವು ನದಿಯಲ್ಲಿ ಮೇಲಕ್ಕೆ ಸರಿದು ಗ್ರೀನಿಚ್ಚಿನಲ್ಲಿ ನೆಲೆನಿಂತಿತು. ಒಬ್ಬಿಬ್ಬರಿದ್ದ ಅತಿಥಿಗಳು ಕ್ರಮವಾಗಿ ಹೆಚ್ಚಿ ಮಂತ್ರಿಮಂಡಲವೇ ಮೇಜಿನ ಸುತ್ತ ಕುಳಿತಿತು. ೧೮೩೪ರಲ್ಲಿ ಪ್ರೆಸ್ಟನ್ನನು ತೀರಿಕೊಂಡನು. ಅಷ್ಟರಲ್ಲಿ ಖಾಸಗಿಯ ಊಟವು ರಾಜ್ಯದ ವಾಡಿಕೆಯಾಗಿಬಿಟ್ಟಿದ್ದುದರಿಂದ ಅದಕ್ಕೆ ಏನೂ ಕುಂದಾಗಲಿಲ್ಲ.

ಆಂಗ್ಲರ ರಾಜ್ಯಾಂಗದಲ್ಲಿ ಬರೆಯದೆ ಇರುವ ವಿಧಿಗಳೇ ಹೆಚ್ಚು ಎಂದು ಪಂಡಿತರು ಹೇಳುವುದುಂಟು. ಈ ಮೀನಿನ ಊಟವೂ ಅಂಥ ವಿಧಿಗಳ ಸಾಲಿಗೆ ಸೇರಿದಂತಾಯಿತು. ಬೇಸಗೆಯ ಕೊನೆಯಲ್ಲಿ ಮಂತ್ರಿಗಳು ವೈಟ್‌ಹಾಲಿನ ಕಟ್ಟೆಯಿಂದ ದೋಣಿಯೇರಿ ಗ್ರೀನಿಚ್ಚಿಗೆ ಹೊರಟರೆಂದರೆ, ಅಧಿವೇಶನವು ಮುಗಿಯಿತೆಂದೇ ಜನರು ತಿಳಿಯುತ್ತಿದ್ದರು. ವೃತ್ತಪತ್ರಿಕೆಗಳು ಅದನ್ನು ಸುದ್ದಿಯಾಗಿ ಪ್ರಕಟಿಸುತ್ತಿದ್ದವು. ಪಕ್ಷಭೇದವು ಊಟದಲ್ಲಿಯೂ ತಪ್ಪಲಿಲ್ಲ. ವ್ಹಿಗ್ ಪಕ್ಷದವರು ಟ್ರಫಾಲ್ಗರಿನಲ್ಲಿ ಉಂಡರೆ ಟೋರಿಗಳು ಷಿಪ್ಪಿನಲ್ಲಿ ಉಣ್ಣುವರೆಂದು ಪ್ರತೀತಿ. ಒಂದೇ ನದಿ, ಒಂದೇ ಬಲೆ, ಒಂದೇ ಮೀನು. ಕಿಟಕಿ ಮಾತ್ರ ಬೇರೆ! ಅಧಿವೇಶನದ ಕೊನೆಯಲ್ಲಿ, ಕಾಲವು ಸಾಲದೆ, ಅರ್ಧಕ್ಕೆ ಬಂದ ಮಸೂದೆಗಳನ್ನು ಕೈಬಿಡುವುದಕ್ಕೆ ಪಾರ್ಲಿಮೆಂಟಿನವರು ‘ಮುಗ್ಧಶಿಶುಗಳ ವಧೆ’ ಎಂದು ವಿನೋದವಾಗಿ ಹೇಳುತ್ತಿದ್ದರು. ಹಗಲು ಮಸೂದೆಗಳ ಮರಿಗಳನ್ನು ಕೊಂದವರು ಸಂಜೆ ಮೀನಿನ ಮರಿಗಳನ್ನು ತಿನ್ನಲು ಹೊರಡುತ್ತಿದ್ದರೆಂಬ ಮಾತು ಇಲ್ಲಿ ತಾನಾಗಿಯೇ ಹೊಳೆಯುತ್ತದೆ.

ಮಂತ್ರಿಗಳಿಗಿಂತ ಸಾಹಿತಿಗಳ ಔತಣಗಳು ಹೆಚ್ಚು ಉಲ್ಲಾಸದಿಂದ ನಡೆಯುತ್ತಿದ್ದುವೆಂದು ತೋರುತ್ತದೆ. ಚಾರ್ಲ್ಸ್ ಡಿಕನ್ಸನು ಅಮೆರಿಕಾ ಪ್ರವಾಸವನ್ನು ಮುಗಿಸಿಕೊಂಡು ೧೮೪೨ರ ಬೇಸಗೆಯಲ್ಲಿ ಸ್ವದೇಶಕ್ಕೆ ಮರಳಿದಾಗ, ಅವನ ಮಿತ್ರರು ಗ್ರೀನಿಚ್ಚಿನಲ್ಲಿ ಊಟವನ್ನಿಟ್ಟರು. ಕವಿ ಥಾಮಸ್ ಹುಡ್, ನೌಕಾಕಾದಂಬರಿಕಾರ ಮ್ಯಾರಿಯಟ್, ಚಿತ್ರಕಾರ ಕ್ರೂಕ್‌ಶ್ಯಾಂಕ್ ಮೊದಲಾದವರು ಅಲ್ಲಿದ್ದರು. ಕ್ರೂಕ್‌ಶ್ಯಾಂಕನು ಆ ರಾತ್ರಿ ಡಿಕನ್ಸನ ಗಾಡಿಯಲ್ಲಿ ತಲೆಕೆಳಗಾಗಿ ನಿಂತು ಮನೆಗೆ ಬಂದನೆಂದು ಡಿಕನ್ಸನೇ ಗೆಳೆಯನೊಬ್ಬನಿಗೆ ಬರೆದಿರುವುದುಂಟು. ಈ ಕ್ರೂಕ್‌ಶ್ಯಾಂಕನೇ ಮುಂದೆ ಪಾನನಿರೋಧದ ಪ್ರಚಂಡ ಪ್ರಚಾರಕನಾದನೆಂಬುದನ್ನು ನೆನೆದರೆ ನಗು ಬಾರದಿರದು. ಥ್ಯಾಕರೆಯೂ ೧೮೪೪ರಲ್ಲಿ ಈ ಊಟದ ಮೇಲೆಯೇ ಒಂದು ಪ್ರಬಂಧವನ್ನು ಬರೆದನು.

ಆದರೆ ಗ್ರೀನಿಚ್ಚಿನ ಊಟವು ಸಾಮಾನ್ಯ ಕುಟುಂಬಕ್ಕೆ ಏನಾಗಿದ್ದಿತೆಂಬುದನ್ನು ಅರಿಯಬೇಕಾದರೆ ಡಿಕನ್ಸನ ‘ಅವರ್ ಮ್ಯೂಚುಯಲ್ ಫ್ರೆಂಡ್’ ಎಂಬ ಕಾದಂಬರಿಯನ್ನು ನೋಡಬೇಕು. ಅದು ೧೮೬೪-೬೫ರಲ್ಲಿ ಭಾಗಭಾಗವಾಗಿ ಹೊರಬಂದಿತು. ಬೆಲ್ಲಾ ಎಂಬ ತರುಣಿಯ ತಂದೆಯು ಬಡ ಗುಮಾಸ್ತ. ಟೊಪ್ಪಿಗೆಯನ್ನು ಕೊಂಡರೆ ಅಂಗಿಗೆ ಹಣವಿಲ್ಲ, ಅಂಗಿಯನ್ನು ಕೊಂಡರೆ ಪಾದರಕ್ಷೆಗೆ ಹಣವಿಲ್ಲ ಎಂಬ ಸ್ಥಿತಿ. ಒಮ್ಮೆಗೇ ಮೈತುಂಬ ಹೊಸ ಉಡುಪನ್ನು ಅವನು ತೊಟ್ಟವನೇ ಅಲ್ಲ. ಮಗಳ ಕೈಗೆ ಅನಿರೀಕ್ಷಿತವಾಗಿ ಐವತ್ತು ಪೌಂಡು ಬಂದಾಗ ಅವಳು ಮಾಡುವ ಮೊದಲ ಕೆಲಸವೆಂದರೆ, ತಂದೆಯನ್ನು ಕಚೇರಿಯಿಂದ ಕರೆದೊಯ್ದು, ಅಡಿಯಿಂದ ಮುಡಿಯವರೆಗೆ ಹೊಸ ಬಟ್ಟೆಯನ್ನು ಕೊಡಿಸಿ, ಗ್ರೀನಿಚ್ಚಿನಲ್ಲಿ ನದಿಯನ್ನು ನೋಡುವ ಚಿಕ್ಕ ಕೊಠಡಿಯೊಂದರಲ್ಲಿ ಊಟ ಹಾಕಿಸುವುದು. ಕಿಟಕಿಯ ಹೊರಗೆ ಸಾಗುವ ಒಂದೊಂದು ಹಡಗಿಗೂ ಅವಳು ಒಂದೊಂದು ಸಂಪತ್ತಿನ ಕನಸನ್ನು ಕಟ್ಟುತ್ತಾಳೆ. ಮುಂದೆ ಆ ಹಣದ ಮೋಹವನ್ನು ತೊರೆದು, ಬಡವನೆಂದು ತಾನು ತಿಳಿದವನನ್ನೇ ಗ್ರೀನಿಚ್ಚಿನ ಇಗರ್ಜಿಯಲ್ಲಿ ಗುಟ್ಟಾಗಿ ಮದುವೆಯಾದ ದಿನ, ಗಂಡಹೆಂಡಿರೂ ತಂದೆಯೂ ಅದೇ ಕೊಠಡಿಗೆ ಮತ್ತೆ ಬರುತ್ತಾರೆ. ಮೀನಿನ ಬಗೆಗಳು ಒಂದರ ಹಿಂದೊಂದು ಮೆರವಣಿಗೆಯಾಗಿ ಬರುತ್ತವೆ. ಧರ್ಮಾಧ್ಯಕ್ಷನ ಗಾಂಭೀರ್ಯವನ್ನು ತಾಳಿದ ಬಡಿಸುವವನೊಬ್ಬನು ಈ ಮೂವರ ಮೇಲೆ ಕೃಪಾದೃಷ್ಟಿಯನ್ನು ಬೀರುತ್ತಾನೆ. ಗುಮಾಸ್ತನ ಮನೆಯವರಿಗೆ ಇದು ಬದುಕಿನಲ್ಲಿ ಒಂದೆರಡು ಬಾರಿ ಮಾತ್ರ ನಿಲುಕುವ ಸುಖ. ಮಂತ್ರಿಗೆ ವರ್ಷಕ್ಕೊಂದು ವಾಡಿಕೆಯಾಗಿದ್ದುದು ಬೆಲ್ಲಳ ತಂದೆಗೆ ಜೀವಮಾನದ ಹಬ್ಬವಾಗಿದ್ದಿತು. ಇದನ್ನು ಬಲ್ಲವನಾದುದರಿಂದಲೇ ಡಿಕನ್ಸನು ಆ ಊಟವನ್ನು ಅಷ್ಟು ಪ್ರೀತಿಯಿಂದ ವರ್ಣಿಸಿದ್ದಾನೆ.

ಹೀಗೆ ಅರಮನೆಯವರಿಂದ ಗುಮಾಸ್ತರವರೆಗೆ ಎಲ್ಲರೂ ಮೆಚ್ಚಿದ ಈ ಮೀನು ಯಾವ ಜಾತಿಯದು? ಪ್ರಶ್ನೆಯು ಕೇವಲ ಪಂಡಿತರದಾಗಿರಲಿಲ್ಲ. ಬೆಸ್ತರ ಅನ್ನವು ಇದನ್ನೇ ಅವಲಂಬಿಸಿದ್ದಿತು. ಥೇಮ್ಸ್ ನದಿಯ ಪಾಲನೆಯು ಆಗ ಲಂಡನ್ನಿನ ಮೇಯರನ ಅಧಿಕಾರದಲ್ಲಿದ್ದಿತು. ಮೀನುಗಳ ಸಂತತಿಯು ಕೆಡದಿರಲೆಂದು ಸಣ್ಣ ಕಣ್ಣಿನ ಬಲೆಗಳನ್ನು ನಿಷೇಧಿಸಲಾಗಿದ್ದಿತು. ವೈಟ್‌ಬೇಟ್ ಎಂಬುದು ಶ್ಯಾಡ್ ಮೊದಲಾದ ದೊಡ್ಡ ಮೀನುಗಳ ಮರಿಯಾಗಿದ್ದರೆ ಅದನ್ನು ಹಿಡಿಯುವವನು ಅಪರಾಧಿ. ಅದು ಬೆಳೆದರೂ ಅಷ್ಟೇ ಇರುವ ಬೇರೊಂದು ಜಾತಿಯಾಗಿದ್ದರೆ ಅವನು ನಿರ್ದೋಷಿ. ವಿಚಿತ್ರವೇನೆಂದರೆ, ಹಿಡಿದವನ ಮೇಲೆ ದಂಡದ ಭಯವಿದ್ದ ಈ ಮೀನನ್ನು ಶಾಸನಕರ್ತರೇ ಬಹಿರಂಗವಾಗಿ ತಿನ್ನುತ್ತಿದ್ದರು.

೧೮೨೮ರಲ್ಲಿ ವಿಲಿಯಂ ಯಾರೆಲ್ ಎಂಬವನು ಈ ವಾದಕ್ಕೆ ಒಂದು ತೀರ್ಪನ್ನು ಕೊಟ್ಟನು. ಅವನು ವೃತ್ತಿಯಿಂದ ವೃತ್ತಪತ್ರಿಕೆಗಳ ವ್ಯಾಪಾರಿ, ಪ್ರವೃತ್ತಿಯಿಂದ ಜೀವಶಾಸ್ತ್ರಜ್ಞ. ಶ್ಯಾಡ್ ಮೀನು ಮೊಟ್ಟೆಯಿಡುವುದು ನಡುಬೇಸಗೆಯಲ್ಲಿ. ವೈಟ್‌ಬೇಟಾದರೋ ಏಪ್ರಿಲಿನಲ್ಲಿಯೇ ಬರುತ್ತದೆ. ತಾಯಿ ಹಡೆಯುವ ಮೊದಲೇ ಮರಿ ಹೇಗೆ ಬಂದೀತು? ಆದುದರಿಂದ ಇದು ಪ್ರತ್ಯೇಕವಾದ ಜಾತಿಯೇ ಸರಿ ಎಂದು ಅವನು ವಾದಿಸಿ, ಬಿಳಿಯದೆಂಬ ಅರ್ಥದ ಲ್ಯಾಟಿನ್ ಪದವನ್ನು ಸೇರಿಸಿ ಅದಕ್ಕೊಂದು ಶಾಸ್ತ್ರೀಯ ನಾಮವನ್ನೂ ಇಟ್ಟನು. ಶ್ಯಾಡಿನ ಮರಿಯಲ್ಲವೆಂಬ ಅವನ ವಾದವು ಗಟ್ಟಿಯಾಗಿದ್ದಿತು. ಆದರೆ ಶ್ಯಾಡಿನದಲ್ಲದಿದ್ದರೆ ಯಾರ ಮರಿಯೂ ಅಲ್ಲವೆಂದು ಅವನು ಮುಂದೆ ಜಿಗಿದುದು ಅವಸರವಾಯಿತು. ಬೆಸ್ತರಿಗೂ ಭೋಜನಗೃಹದವರಿಗೂ ಇದಕ್ಕಿಂತ ಶುಭವಾರ್ತೆ ಬೇರೆ ಬೇಕಾಗಿರಲಿಲ್ಲ. ನಲವತ್ತು ವರ್ಷಗಳ ಕಾಲ ಗ್ರೀನಿಚ್ಚಿನ ಅತಿಥಿಗಳು, ಪ್ರಪಂಚದಲ್ಲಿ ಬೇರೆಲ್ಲಿಯೂ ಇಂಥ ಮೀನಿಲ್ಲವೆಂಬ ಹೆಮ್ಮೆಯಿಂದಲೂ ಶಾಸ್ತ್ರಸಮ್ಮತವಾದ ನೆಮ್ಮದಿಯಿಂದಲೂ ಉಂಡರು.

೧೮೬೮ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರನು ಈ ಕನಸನ್ನು ಮುರಿದನು. ಮೀನಿನ ಬೆನ್ನೆಲುಬಿನ ಮಣಿಗಳ ಸಂಖ್ಯೆಯು ಮರಿಯಲ್ಲಿಯೂ ದೊಡ್ಡದರಲ್ಲಿಯೂ ಒಂದೇ ತೆರನಾಗಿರುತ್ತದೆ. ಹೆರಿಂಗ್ ಮೀನಿಗೆ ಸುಮಾರು ೫೬ ಮಣಿಗಳು. ಅದರ ಕಿರಿಯ ಬಂಧುವಾದ ಸ್ಪ್ರ್ಯಾಟಿಗೆ ಸುಮಾರು ೪೮. ವೈಟ್‌ಬೇಟಿನ ಮಣಿಗಳನ್ನು ಎಣಿಸಿ ನೋಡಿದರೆ ಹೆರಿಂಗಿನ ಲೆಕ್ಕವೇ ಬಂದಿತು. ಮುಂದೆ ೧೮೮೦ರ ದಶಕದಲ್ಲಿ ನಡೆದ ಪರೀಕ್ಷೆಗಳಿಂದ, ಬಲೆಗೆ ಬೀಳುವ ರಾಶಿಯು ಮಿಶ್ರವಾದುದೆಂದೂ, ಚಳಿಗಾಲದ ಕೊನೆಯಲ್ಲಿ ಅದರಲ್ಲಿ ಸ್ಪ್ರ್ಯಾಟ್ ಮರಿಗಳೂ ನಡುಬೇಸಗೆಯಲ್ಲಿ ಹೆರಿಂಗ್ ಮರಿಗಳೂ ಹೆಚ್ಚಾಗಿರುತ್ತವೆಂದೂ ಸ್ಪಷ್ಟವಾಯಿತು. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ನಂಟಿನದು. ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬಿ ಬಡವರಿಗೆ ಮಾರುವ ಅಗ್ಗದ ಮೀನು. ಲಂಡನ್ನಿನ ಓಣಿಗಳಲ್ಲಿ ಕೂಲಿಯವನು ರೊಟ್ಟಿಯೊಡನೆ ಕಚ್ಚಿ ತಿನ್ನುತ್ತಿದ್ದ ಮೀನಿನ ಹಸುಗೂಸನ್ನೇ ಪ್ರಧಾನಮಂತ್ರಿಯು ಷಾಂಪೇನಿನೊಡನೆ ತಿನ್ನುತ್ತಿದ್ದನೆಂದಾಯಿತು.

ಈ ಸತ್ಯವು ಹೊರಬಿದ್ದ ಬಳಿಕ ಔತಣಗಳು ನಿಂತವೇ? ಒಂದು ದಿನವೂ ಇಲ್ಲ. ಮೀನಿನ ಜಾತಿಯು ಕೆಳಗಿಳಿದರೂ ಮೇಜಿನ ಜಾತಿಯು ಮೇಲೆಯೇ ಉಳಿಯಿತು. ಉಣ್ಣುವವರು ಬಯಸುತ್ತಿದ್ದುದು ನದಿಯ ಗಾಳಿ, ಮನೆಯಿಂದ ದೂರವಾದ ಒಂದು ಸಂಜೆ, ಗರಿಗರಿಯಾಗಿ ಓಡಿಬರುವ ತಟ್ಟೆ. ಇವು ಯಾವುವೂ ಬೆನ್ನುಮಣಿಗಳ ಲೆಕ್ಕಕ್ಕೆ ಸಿಕ್ಕುವಂಥವಲ್ಲ. ಮರಿಗಳನ್ನು ತಿಂದರೆ ಸಮುದ್ರಕ್ಕೆ ಕೊರತೆಯಾಗುವುದೆಂಬ ಆತಂಕವೂ ಆಗ ಪ್ರಬಲವಾಗಿರಲಿಲ್ಲ. ೧೮೮೩ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮತ್ಸ್ಯಪ್ರದರ್ಶನದಲ್ಲಿ ಥಾಮಸ್ ಹಕ್ಸ್‌ಲೀಯಂಥ ವಿಜ್ಞಾನಿಯೇ, ಹೆರಿಂಗ್ ಮೊದಲಾದ ಸಮುದ್ರಮತ್ಸ್ಯಗಳ ಸಂಪತ್ತು ಬಹುಮಟ್ಟಿಗೆ ಅಕ್ಷಯವಾದುದೆಂದು ಅಭಿಪ್ರಾಯಪಟ್ಟನು. ಉತ್ತರ ಸಮುದ್ರದಲ್ಲಿ ದೊಡ್ಡ ಮೀನುಗಳನ್ನೂ ಮರಿಗಳನ್ನೂ ಯಂತ್ರಬಲದಿಂದ ಬಾಚಿದುದರ ಫಲವಾಗಿ ೧೯೭೭ರಲ್ಲಿ ಹೆರಿಂಗ್ ಹಿಡಿಯುವುದನ್ನೇ ಕೆಲವು ವರ್ಷಗಳ ಮಟ್ಟಿಗೆ ನಿಲ್ಲಿಸಬೇಕಾಗಿ ಬಂದುದನ್ನು ನೋಡಲು ಅವನಿರಲಿಲ್ಲ.

ಗ್ರೀನಿಚ್ಚಿನ ಔತಣವನ್ನು ಮುಗಿಸಿದುದು ಶಾಸ್ತ್ರವೂ ಅಲ್ಲ, ಶಾಸನವೂ ಅಲ್ಲ; ನದಿಯ ಕೊಳಕು. ಲಂಡನ್ನಿನ ಜನಸಂಖ್ಯೆಯು ಬೆಳೆದಂತೆಲ್ಲ ಮನೆಗಳ ಮಲಗುಂಡಿಗಳನ್ನು ಚರಂಡಿಗಳಿಗೂ ಚರಂಡಿಗಳನ್ನು ಥೇಮ್ಸಿಗೂ ಕೂಡಿಸಿದರು. ಒಂದು ಕಾಲಕ್ಕೆ ನಗರದ ನಡುವೆಯೇ ಹಾಯುತ್ತಿದ್ದ ಸಾಲ್ಮನ್ ಮೀನು ೧೮೩೦ರ ದಶಕದ ಹೊತ್ತಿಗೆ ಕಣ್ಮರೆಯಾಗಿದ್ದಿತು; ಭೋಜನಗೃಹದ ಮೇಜಿಗೆ ಬರುತ್ತಿದ್ದ ಸಾಲ್ಮನ್ ಬೇರೆ ನದಿಗಳದು. ೧೮೫೫ರಲ್ಲಿ ಮೈಕೇಲ್ ಫ್ಯಾರಡೆಯು ದೋಣಿಯಲ್ಲಿ ಹೋಗುತ್ತ ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ, ಅವು ಒಂದಂಗುಲ ಮುಳುಗುವುದರೊಳಗಾಗಿ ಕಾಣದಂತಾದುವೆಂದು ‘ಟೈಮ್ಸ್’ ಪತ್ರಿಕೆಗೆ ಬರೆದನು. ೧೮೫೮ರ ಬೇಸಗೆಯ ದುರ್ಗಂಧವು ಪಾರ್ಲಿಮೆಂಟಿನ ಕಿಟಕಿಗಳನ್ನೇ ಹೊಕ್ಕಾಗ ಸದಸ್ಯರು ಎಚ್ಚತ್ತರು. ವರ್ಷಗಟ್ಟಳೆ ಎಳೆದಾಡಿದ್ದ ಕಾರ್ಯಕ್ಕೆ ಕೆಲವೇ ವಾರಗಳಲ್ಲಿ ಶಾಸನವು ಸಿದ್ಧವಾಯಿತು. ಜೋಸೆಫ್ ಬಾಜಲ್‌ಜೆಟ್ ಎಂಬ ಯಂತ್ರಶಿಲ್ಪಿಯು ನೆಲದಡಿಯಲ್ಲಿ ಮಹಾನಾಲೆಗಳನ್ನು ಕಟ್ಟಿದನು. ಆ ಕಾರ್ಯವು ಮಾನವಕೌಶಲದ ದೊಡ್ಡ ಸಾಧನೆಗಳಲ್ಲೊಂದು. ಅದರಿಂದ ಕಾಲರಾ ಹಿಮ್ಮೆಟ್ಟಿತು, ನಗರವು ಉಸಿರಾಡಿತು. ಆದರೆ ನಾಲೆಗಳು ಕೊಳಕನ್ನು ನಾಶಮಾಡಲಿಲ್ಲ, ಕೆಳಕ್ಕೆ ಒಯ್ದವು. ಎಡದಂಡೆಯ ಬೆಕ್ಟನ್ನಿನಲ್ಲಿ ೧೮೬೪ರಿಂದಲೂ ಬಲದಂಡೆಯ ಕ್ರಾಸ್‌ನೆಸ್ಸಿನಲ್ಲಿ ೧೮೬೫ರಿಂದಲೂ ಇಡಿಯ ರಾಜಧಾನಿಯ ಮಲವು ಶುದ್ಧಿಯಿಲ್ಲದೆ ನದಿಗೆ ಬೀಳತೊಡಗಿತು. ಈ ಸ್ಥಳಗಳು ಗ್ರೀನಿಚ್ಚಿಗೂ ಸಮುದ್ರಕ್ಕೂ ನಡುವೆ ಇವೆ. ಕ್ರಾಸ್‌ನೆಸ್ಸಾದರೋ ಪಿಟ್ಟನು ಊಟಮಾಡಿದ ಡ್ಯಾಗನ್‌ಹ್ಯಾಮಿಗೆ ಹೆಚ್ಚುಕಡಮೆ ಎದುರಿನಲ್ಲಿಯೇ ಇದೆ. ಸಮುದ್ರದಿಂದ ಮೇಲೇರಿ ಬರುವ ಮೀನಿನ ಹಾದಿಯ ಮೇಲೆಯೇ ಬಾಗಿಲು ಹಾಕಿದಂತಾಯಿತು.

೧೮೭೮ರ ಸೆಪ್ಟೆಂಬರ್ ೩ರ ಸಂಜೆ, ವಿಹಾರಕ್ಕೆ ಹೋಗಿ ಮರಳುತ್ತಿದ್ದ ‘ಪ್ರಿನ್ಸೆಸ್ ಆಲಿಸ್’ ಎಂಬ ಉಗಿಹಡಗು ಆ ನಾಲೆಗಳ ಬಾಯಿಯ ಸಮೀಪದಲ್ಲಿಯೇ ಇನ್ನೊಂದು ಹಡಗಿಗೆ ಸಿಕ್ಕಿ ಮುರಿಯಿತು. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಆ ನೀರಿನ ವಿಷದಿಂದಲೇ ಎಷ್ಟು ಮಂದಿ ಸತ್ತರೆಂಬ ವಾದವು ಬಹುಕಾಲ ನಡೆಯಿತು. ಮಲವನ್ನು ಬೇರ್ಪಡಿಸಿ ಹಡಗುಗಳಲ್ಲಿ ಸಮುದ್ರಕ್ಕೆ ಸಾಗಿಸುವ ಏರ್ಪಾಡು ನಡೆದುದು ೧೮೮೭ರಲ್ಲಿ. ಅಷ್ಟರಲ್ಲಿ ಗ್ರೀನಿಚ್ಚಿನ ಕಿಟಕಿಗಳನ್ನು ಬೇಸಗೆಯಲ್ಲಿ ತೆರೆಯುವುದೇ ಕಷ್ಟವಾಗಿದ್ದಿತು. ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ವೈಟ್‌ಬೇಟು ನದೀಮುಖದಿಂದ ರೈಲಿನಲ್ಲಿ ಲಂಡನ್ನಿಗೇ ಬಂದು ಕ್ಲಬ್ಬುಗಳ ಮೇಜನ್ನು ಸೇರತೊಡಗಿತು. ಮೀನು ತಾನೇ ಮನೆಬಾಗಿಲಿಗೆ ಬಂದಮೇಲೆ, ನಾರುವ ನದಿಯ ದಡಕ್ಕೆ ಹೋಗುವ ಪ್ರಮೇಯವೇನು? ಮಂತ್ರಿಗಳ ಔತಣವು ಬಿಟ್ಟುಬಿಟ್ಟು ನಡೆದು, ರೋಸ್‌ಬರಿಯು ಪ್ರಧಾನಮಂತ್ರಿಯಾಗಿದ್ದ ೧೮೯೪ರಲ್ಲಿ ಕಡೆಯ ಬಾರಿ ನಡೆಯಿತು. ನೂರು ವರ್ಷಗಳ ಕಾಲ ಈ ನದಿಯ ದಡದಲ್ಲಿ ಉಂಡ ಮಂತ್ರಿಗಳೇ ಈ ನದಿಯನ್ನು ಕಾಯಬೇಕಾದವರೂ ಆಗಿದ್ದರು. ತಟ್ಟೆಯ ಮೇಲಿದ್ದ ಅವರ ಕಣ್ಣು ಕಿಟಕಿಯ ಹೊರಗೆ ಸಾಕಷ್ಟು ಮುಂಚೆ ಬೀಳಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಟ್ರಫಾಲ್ಗರ್ ಭೋಜನಗೃಹವು ೧೯೧೫ರಲ್ಲಿ ಮುಚ್ಚಿತು. ವೃದ್ಧ ನಾವಿಕರು ಕೆಲವು ಕಾಲ ಅಲ್ಲಿ ವಾಸವಾಗಿದ್ದರು. ಷಿಪ್ ಭೋಜನಗೃಹವು ಎರಡನೆಯ ಮಹಾಯುದ್ಧದ ಬಾಂಬಿಗೆ ತುತ್ತಾಯಿತು. ಅದು ನಿಂತಿದ್ದ ಸ್ಥಳದಲ್ಲಿ ೧೯೫೪ರಿಂದ ‘ಕಟಿ ಸಾರ್ಕ್’ ಎಂಬ ಹಳೆಯ ಚಹದ ಹಡಗನ್ನು ತಂದು ನಿಲ್ಲಿಸಿದ್ದಾರೆ. ೧೯೫೭ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞರು ನಗರದ ಬಳಿಯ ಥೇಮ್ಸ್ ಸತ್ತ ನದಿಯೆಂದೇ ಸಾರಿದರು. ನಾಲೆಗಳ ನೀರನ್ನು ಸರಿಯಾಗಿ ಶುದ್ಧಿಮಾಡಿ ಬಿಡಲು ಆರಂಭಿಸಿದ ಮೇಲೆ ಮೀನುಗಳು ಒಂದೊಂದಾಗಿ ಹಿಂದಿರುಗಿದವು. ೧೯೭೪ರಲ್ಲಿ ವಿದ್ಯುದಾಗಾರವೊಂದರ ನೀರಿನ ಜರಡಿಯಲ್ಲಿ ಒಂದು ಸಾಲ್ಮನ್ ಸಿಕ್ಕಿದುದು ದೇಶಕ್ಕೆಲ್ಲ ಸುದ್ದಿಯಾಯಿತು. ಟ್ರಫಾಲ್ಗರ್ ೧೯೬೫ರಲ್ಲಿ ಮತ್ತೆ ತೆರೆಯಿತು. ಅದರ ಬಾಗಿದ ಕಿಟಕಿಗಳ ಹಿಂದೆ ಮದುವೆಯ ಊಟಗಳು ಇಂದಿಗೂ ನಡೆಯುತ್ತವೆ, ವೈಟ್‌ಬೇಟನ್ನೂ ಬಡಿಸುತ್ತಾರೆ. ಮೀನು ಮಾತ್ರ ಎದುರಿನ ನದಿಯಿಂದ ಬಂದುದಲ್ಲ.